ನಲವತ್ತೆರಡು ನಿಮಿಷ

"ನಲವತ್ತೆರಡು ನಿಮಿಷ. ಬಾಗಿಲು ಹಾಕ್ಕೊಂಡು ನಲವತ್ತೆರಡು ನಿಮಿಷ ಅವನ ಹತ್ರ ಏನು ಮಾತಾಡಿದೆ? ಅಷ್ಟು ಹೇಳು, ಸಾಕು."

"ಗಡಿಯಾರ ಹಿಡ್ಕಂಡು ಕುಂತಿದ್ದೇನು ನೀನು?"

"ಗೇಟು ಕಾಯೋನು ಗಡಿಯಾರ ನೋಡದೆ ಇನ್ನೇನು ನೋಡ್ಬೇಕು? ಎಲ್ಲರಿಗೂ ಐದು ನಿಮಿಷ, ಆರು ನಿಮಿಷ. ಕಾಟಯ್ಯಜ್ಜನಿಗೆ ನಾಲ್ಕೇ ನಿಮಿಷ. ಕೆಂಪಗೆ, ತೆಳ್ಳಗೆ ಇರೋ ಹುಡುಗನಿಗೆ ಮಾತ್ರ ನಲವತ್ತೆರಡು."

"ಮಾರುತೇಶ್, ಬಾಯಿ ಬಿಗಿಹಿಡಿ."

"ನನ್ನ ಬಾಯಿ ನೆಟ್ಟಗೇ ಐತೆ. ನಿನ್ನ ಬಾಗಿಲೇ ನೆಟ್ಟಗಿಲ್ಲ."

ಮಾತು ಹೊರಬಿದ್ದ ಮೇಲೆ ಮಾರುತೇಶನಿಗೇ ಅದರ ಹೊಲಸು ವಾಸನೆ ಬಡಿಯಿತು. ಆದರೆ ಸಿಟ್ಟಿನಲ್ಲಿರುವವನು ಹೊಲಸು ತುಳಿದರೂ ಕಾಲು ಎತ್ತುವುದಿಲ್ಲ, ಅಲ್ಲೇ ಊರಿ ನಿಲ್ಲುತ್ತಾನೆ. ಅವನೂ ಹಾಗೇ ನಿಂತ.

ನೇತ್ರಾವತಿ ಹೆಗಲ ಚೀಲವನ್ನು ಮೇಲೆಳೆದುಕೊಂಡಳು. ಬೇವಿನ ಮರದ ನೆರಳು ಅವಳ ಮುಖದ ಮೇಲೆ ಅಲ್ಲಾಡುತ್ತಿತ್ತು, ಮುಖ ಮಾತ್ರ ಅಲ್ಲಾಡಲಿಲ್ಲ. "ಆ ಕೋಣೆಯಲ್ಲಿ ಆಡಿದ್ದು ಆ ಕೋಣೆಯಲ್ಲೇ ಇರ್ತದೆ. ನಾನು ಹೇಳೋ ಹಂಗಿಲ್ಲ, ನೀನು ಕೇಳೋ ಹಂಗೂ ಇಲ್ಲ. ಆರು ವರ್ಷದಿಂದ ಇಲ್ಲಿದ್ದೀಯ, ಅಷ್ಟೂ ಗೊತ್ತಿಲ್ಲವಾ?" ಎಂದಳು. ಆಮೇಲೆ ಗೇಟಿನ ಪುಸ್ತಕಕ್ಕೆ ಸಹಿಯನ್ನೂ ಹಾಕದೆ ಹೊರಟು, ರಸ್ತೆ ದಾಟಿ, ಹಿರಿಯೂರಿನ ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಬೀಸಲಿಲ್ಲ. ಅವಳು ಕೈ ಬೀಸದೆ ಹೋದ ಮೊದಲ ಮಂಗಳವಾರ ಅದು.

ಐಮಂಗಲ ದಾಟಿ ಹಿರಿಯೂರಿನ ಕಡೆ ಬರುವಾಗ ಹೆದ್ದಾರಿಯ ಪಕ್ಕದಲ್ಲಿ ಒಂದು ಹಳೇ ಶೇಂಗಾ ಎಣ್ಣೆ ಮಿಲ್ಲು ಇದೆ. ಗಾಣ ನಿಂತು ಎಷ್ಟೋ ಕಾಲವಾಗಿ, ಈಗ ಅದೇ ವ್ಯಸನಮುಕ್ತಿ ಕೇಂದ್ರ. ಕುಡಿತ ಬಿಡುವವರು, ಗಾಂಜಾ ಬಿಡುವವರು, ನೋವಿನ ಮಾತ್ರೆ ಕರಗಿಸಿ ಸೂಜಿಯಲ್ಲಿ ಏರಿಸಿಕೊಳ್ಳುವ ಚಟ ಬಿಡುವವರು, ಒಟ್ಟು ಮೂವತ್ತು ಜನ. ಇವರಿಗೆಲ್ಲ ಮಾರುತೇಶ ವಾರ್ಡನ್. ಗೇಟಿನ ಕೀಲಿ ಅವನದು, ಗೇಟಿನ ಪುಸ್ತಕವೂ ಅವನದು.

ನಲವತ್ತೊಂದು ವರ್ಷದ ಗಂಡಸು. ಹಿರೇಗುಂಟನೂರಿನ ಕುರಿ ಸಾಕುವವರ ಮನೆಯವನು. ಚಿಕ್ಕಂದಿನಲ್ಲಿ ಸಂಜೆ ಕುರಿ ರೊಪ್ಪಕ್ಕೆ ಹೊಡೆಯುವಾಗ ಒಂದೊಂದನ್ನೂ ಎಣಿಸಿ ಒಳಗೆ ಬಿಟ್ಟವನು. ಒಂದು ಕಮ್ಮಿಯಾದರೆ ಅಪ್ಪನ ಕೋಲು ಬೆನ್ನಿಗೆ ಬೀಳುತ್ತಿತ್ತು. ಆ ಎಣಿಕೆ ಅವನನ್ನು ಬಿಡಲೇ ಇಲ್ಲ. ಲಾರಿ ಓಡಿಸುವಾಗ ಮೈಲಿಗಲ್ಲು ಎಣಿಸಿದ, ಕುಡಿಯುವಾಗ ಪ್ಯಾಕೆಟ್ಟು ಎಣಿಸಿದ, ಇದೇ ಕೇಂದ್ರಕ್ಕೆ ರೋಗಿಯಾಗಿ ಬಂದು ಬಿದ್ದಾಗ ಕುಡಿಯದ ದಿನಗಳನ್ನು ಎಣಿಸಿದ. ಹಾಗೆ ಎಣಿಸುತ್ತಲೇ ಇಲ್ಲೇ ಉಳಿದು ವಾರ್ಡನ್ ಆದ.

ಒಂದೂವರೆ ವರ್ಷದಿಂದ ಅವನು ಎಣಿಸುತ್ತಿದ್ದುದು ಮಂಗಳವಾರಗಳನ್ನು.

ನೇತ್ರಾವತಿ ಸರ್ಕಾರಿ ಆಸ್ಪತ್ರೆಯ ಕೌನ್ಸೆಲರ್. ಪ್ರತಿ ಮಂಗಳವಾರ ಲ್ಯಾಬಿನ ರಂಜಿತಾಳನ್ನು ಕರೆದುಕೊಂಡು ಹತ್ತು ಗಂಟೆಯ ಬಸ್ಸಿಗೆ ಬಂದಿಳಿಯುತ್ತಿದ್ದಳು. ಕೇಂದ್ರಕ್ಕೆ ಸೇರಿದ ಪ್ರತಿಯೊಬ್ಬನನ್ನೂ ಒಬ್ಬೊಬ್ಬನಾಗಿ ಕರೆದು, ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳುತ್ತೀಯಾ ಎಂದು ಕೇಳುವುದು ಅವಳ ಕೆಲಸ. ಒಪ್ಪಿದವನ ಬೆರಳಿಗೆ ರಂಜಿತಾ ಸೂಜಿ ಚುಚ್ಚಿ ಒಂದು ಹನಿ ತೆಗೆಯುವಳು. ಹೆಸರು ಬರೆಯುವುದಿಲ್ಲ, ನಂಬರು ಮಾತ್ರ. ಅರ್ಧ ಗಂಟೆ ಬಿಟ್ಟು ನೇತ್ರಾವತಿ ಮತ್ತೆ ಒಬ್ಬೊಬ್ಬನನ್ನೇ ಮೂಲೆಯ ಕೋಣೆಗೆ ಕರೆದು, ಬಾಗಿಲು ಹಾಕಿ, ಬಂದ ಉತ್ತರ ಹೇಳುವಳು. ಮೊದಲಿಗೆ ಯಾರೂ ಬೆರಳು ಕೊಡುತ್ತಿರಲಿಲ್ಲ. ಈಯಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆ ಎಂದು ಖಾತ್ರಿಯಾದ ಮೇಲೆ ಕೊಡತೊಡಗಿದರು.

ಆ ಕೋಣೆಯ ಬಾಗಿಲು ಕಾಣುವುದು ಗೇಟಿನ ಹತ್ತಿರ ಹಾಕಿದ ಕುರ್ಚಿಗೆ ಮಾತ್ರ. ಆ ಕುರ್ಚಿ ಮಾರುತೇಶನದು.

ಮೊದಲ ದಿನ ಅವಳು ಪುಸ್ತಕದಲ್ಲಿ ಹೆಸರು ಬರೆದು, ಪೆನ್ನಿಗೆ ಕಟ್ಟಿದ ದಾರ ನೋಡಿ ನಕ್ಕಿದ್ದಳು. "ಪೆನ್ನಿಗೂ ಚಟ ಬಿಡಿಸ್ತಿದ್ದೀರೇನ್ರಿ, ಕಟ್ಟಿಹಾಕಿದ್ದೀರ?" ಎಂದಿದ್ದಳು. ನಕ್ಕಾಗ ಅವಳ ಎಡಗೆನ್ನೆ ಮಾತ್ರ ಗುಳಿ ಬೀಳುತ್ತದೆ. ಬಲಗೆನ್ನೆ ಏನೂ ತಿಳಿಯದಂತೆ ಸುಮ್ಮನಿರುತ್ತದೆ. ಮಾರುತೇಶ ಇಡೀ ವಾರ ಆ ಒಂದೇ ಗುಳಿಯಲ್ಲಿ ಕಾಲು ಜಾರಿ ಬೀಳುತ್ತಿದ್ದ.

ಅವಳು ಅವನನ್ನು "ವಾರ್ಡನ್ ಸಾಹೇಬ್ರೆ" ಎನ್ನುತ್ತಿದ್ದಳು. ಬೇಕೆಂದೇ ಎರಡು ನಿಮಿಷ ತಪ್ಪಾಗಿ ಸಮಯ ಬರೆಯುವಳು. ಅವನು ಗಂಟಲು ಸರಿಮಾಡಿಕೊಂಡು, ಮೇಡಂ, ಹತ್ತು ಹದಿನಾಲ್ಕು ಎನ್ನುವನು. ಅವಳು ಒಳಮಣಿಕಟ್ಟಿಗೆ ಕಟ್ಟಿದ ವಾಚನ್ನು ಅವನ ಕಣ್ಣಿಗೆ ಹಿಡಿದು, ನಂದ್ರಲ್ಲಿ ಹನ್ನೆರಡೇ ಐತೆ, ಬೇಕಾದ್ರೆ ನೋಡ್ಕಳ್ರಿ ಎನ್ನುವಳು. ಅವನು ನೋಡುತ್ತಿದ್ದುದು ವಾಚನ್ನಲ್ಲ, ಅದರ ಕೆಳಗೆ ಮಿಡಿಯುವ ಹಸಿರು ನರವನ್ನು. ಅಡುಗೆಯ ನಿಂಗಕ್ಕ ಇದನ್ನೆಲ್ಲ ಕಿಟಕಿಯಿಂದ ನೋಡಿ, ಮಂಗಳವಾರ ವಾರ್ಡನ್ನಿಗೆ ಉಪ್ಪು ಹಾಕಿದರೂ ಒಂದೇ, ಬಿಟ್ಟರೂ ಒಂದೇ ಎಂದು ಸಾರಿಗೆ ಉಪ್ಪೇ ಹಾಕದೆ ಬಡಿಸಿದ್ದೂ ಉಂಟು. ಅವನು ಸುರಿದುಕೊಂಡು ಉಂಡಿದ್ದ.

ದುರ್ಗದ ಗುಡ್ಡಗಳಲ್ಲಿ ಸೀತಾಫಲ ಬಿಡುವ ಕಾಲದಲ್ಲಿ ಅವನು ಕಾಯಿ ತಂದು, ಪೇಪರಿನಲ್ಲಿ ಸುತ್ತಿ, ಮೇಜಿನ ಡ್ರಾಯರಿನಲ್ಲಿ ಮಂಗಳವಾರಕ್ಕೆ ಸರಿಯಾಗಿ ಹಣ್ಣಾಗುವಂತೆ ಇಡುತ್ತಿದ್ದ. ಸಂಜೆ ಬಸ್ಸು ಬರುವ ತನಕ ಅವಳು ಬೇವಿನ ಕೆಳಗೆ ಕುಳಿತು ತಿನ್ನುವಳು. ಒಂದೊಂದೇ ತೊಳೆ ಬಾಯಿಗೆ ಹಾಕಿಕೊಂಡು, ಬೀಜವನ್ನು ಕೈಯೊಳಗೆ ಉಗುಳಿ, ಅಂಗೈ ತೆರೆದು ಎಷ್ಟಾದವು ಎಂದು ಅವನನ್ನೇ ಕೇಳುವಳು. ಅವನು ಎಣಿಸಿ ಹೇಳುವನು. ಅದಕ್ಕಿಂತ ಚಂದದ ಲೆಕ್ಕವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಒಂದು ಭಾನುವಾರ ಇಬ್ಬರೂ ಮಾರಿಕಣಿವೆ ಡ್ಯಾಮಿಗೆ ಹೋಗಿ ಬಂದರು. ನೀರು ನೋಡುತ್ತಾ ಅವಳು ತನ್ನ ಕಥೆ ಹೇಳಿದಳು. ಮದುವೆಯಾಗಿ ಮೂರು ವರ್ಷ ಗಂಡನ ಜೊತೆ ಬಾಳಿದ್ದಳು. ಅವನು ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಬಸ್ಸಿನಿಂದ ಇಳಿದು ಮನೆಗೆ ನಡೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ದಿನಾ ಕೇಳುತ್ತಿದ್ದ. ಅಷ್ಟೇ. ಅಷ್ಟಕ್ಕೇ ಬಿಟ್ಟು ಬಂದಳಂತೆ. ಮಾರುತೇಶ ಕೇಳಿಸಿಕೊಂಡ. ಕಿವಿ ಕೇಳಿಸಿಕೊಂಡಿತೇ ಹೊರತು ತಲೆಗೆ ಹೋಗಲಿಲ್ಲ. ಅವನ ತಲೆಯಲ್ಲಿ ಬೇರೆ ಮಾತು ಕುದಿಯುತ್ತಿತ್ತು. ಮದುವೆಯಾಗಾಣ ಎಂದು ಕೇಳಿಯೇಬಿಟ್ಟ.

ಅವಳು ನೀರನ್ನೇ ನೋಡುತ್ತಾ, "ದೀಪಾವಳಿ ಆಗ್ಲಿ, ಹೇಳ್ತೀನಿ" ಎಂದಳು. ಒಂದೇ ಕೆನ್ನೆ ಗುಳಿ ಬಿತ್ತು. ಆಮೇಲೆ, "ಒಂದು ವಿಷಯ. ಮೂವತ್ತು ಜನಕ್ಕೆ ಬೆರಳು ಕೊಡ್ರಪ್ಪ ಅಂತ ಸಾಲು ನಿಲ್ಲಿಸ್ತೀಯ. ನೀನು ಯಾವತ್ತೂ ಕೊಟ್ಟಿಲ್ಲ" ಎಂದಳು. ಅವನು ನಗುತ್ತಾ, ನಾನು ಕುಡಿದೋನು, ಸೂಜಿ ಮುಟ್ಟಿದೋನಲ್ಲ ಎಂದ. ಲಾರಿಯ ದಿನಗಳು, ದಾಬಾದ ಹಿಂದಿನ ಮಬ್ಬು ರಾತ್ರಿಗಳು ನೆನಪಾದವು. ಅದನ್ನು ಹೇಳಲಿಲ್ಲ.

ದೀಪಾವಳಿಗೆ ಇನ್ನು ಒಂದೂವರೆ ತಿಂಗಳಿದೆ ಎನ್ನುವಾಗ ಅಂಜನ್ ಬಂದ.

ಹೊಳಲ್ಕೆರೆ ಕಡೆಯ ರಾಮಗಿರಿಯವನು, ಇಪ್ಪತ್ತಾರು ವಯಸ್ಸು. ಮದುವೆ ಮನೆಗಳಿಗೆ ಮೈಕು, ಸ್ಪೀಕರು ಹಾಕುತ್ತಿದ್ದವನು ಸೂಜಿಯ ಚಟಕ್ಕೆ ಬಿದ್ದು ಎಲುಬಾಗಿದ್ದ. ಅಷ್ಟಾದರೂ ಹುಡುಗ ಚೆಲುವ. ಉದ್ದ ರೆಪ್ಪೆಯ ಕಣ್ಣು. ಮಂಗಳವಾರ ಬಂತೆಂದರೆ ತಲೆ ಬಾಚಿ, ತೊಳೆದ ಅಂಗಿ ಹಾಕುತ್ತಿದ್ದ. ಮಾರುತೇಶ ಅದನ್ನೂ ಎಣಿಕೆಗೆ ಹಾಕಿಕೊಂಡಿದ್ದ. ಅವನಿಗೆ ತೋಚಲೇ ಇಲ್ಲ, ತಾನೂ ಮಂಗಳವಾರವೇ ಗಡ್ಡ ಕೆರೆಯುತ್ತಿದ್ದೆ ಎಂದು.

ಆ ಮಂಗಳವಾರ ನೇತ್ರಾವತಿ ಎಲ್ಲರನ್ನೂ ಕರೆದು ಮುಗಿಸಿ, ಉಳಿದವರು ಮಧ್ಯಾಹ್ನದ ಕ್ಲಾಸಿಗೆ ಹಾಲ್‌ನೊಳಗೆ ಕುಳಿತ ಮೇಲೆ ಕೊನೆಗೆ ಅಂಜನ್‌ನನ್ನು ಕರೆದಳು. ಎರಡು ಮೂವತ್ತೊಂದಕ್ಕೆ ಬಾಗಿಲು ಮುಚ್ಚಿತು. ಮೂರು ಹದಿಮೂರಕ್ಕೆ ತೆರೆಯಿತು. ಹುಡುಗನ ಕಣ್ಣು ಕೆಂಪಾಗಿತ್ತು, ನೇತ್ರಾವತಿಯ ಕೈ ಅವನ ಭುಜದ ಮೇಲಿತ್ತು. ಆ ಕೈ ಎಷ್ಟು ಹೊತ್ತು ಅಲ್ಲಿತ್ತು ಎಂಬುದನ್ನೂ ಮಾರುತೇಶ ಹೇಳಬಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹೊಟ್ಟೆಕಿಚ್ಚು ಹೊತ್ತಿದವನಿಗೆ ಲೆಕ್ಕ ತಿಳಿಯುತ್ತದೆ, ಅರ್ಥ ತಿಳಿಯುವುದಿಲ್ಲ. ಅದೇ ಸಂಜೆ ಗೇಟಿನಲ್ಲಿ ಆ ಜಗಳ ನಡೆದದ್ದು.

ಶುಕ್ರವಾರ ಇನ್ನೊಂದು ಏಟು ಬಿತ್ತು. ಕೇಂದ್ರ ನಡೆಸುವ ಹನುಮಂತರಾಜು ಸಾರ್ ಕರೆದು, ಅಂಜನ್‌ಗೆ ದುರ್ಗದಲ್ಲಿ ಚರ್ಮದ ಡಾಕ್ಟರಿಗೆ ತೋರಿಸಬೇಕು, ಐಮಂಗಲದ ಸ್ಟಾಪಿಗೆ ಬೈಕಿನಲ್ಲಿ ಬಿಟ್ಟು ಬಾ ಎಂದರು. ಮಾರುತೇಶ ಬಿಟ್ಟ. ಹಿರಿಯೂರಿನಿಂದ ದುರ್ಗದ ಬಸ್ಸು ಬಂತು. ಕಿಟಕಿಯ ಪಕ್ಕ ನೇತ್ರಾವತಿ ಕುಳಿತಿದ್ದಳು. ಅಂಜನ್ ಹತ್ತುತ್ತಲೇ ಪಕ್ಕದ ಸೀಟಿನ ಮೇಲಿದ್ದ ತನ್ನ ಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಹುಡುಗ ಅಲ್ಲಿ ಕುಳಿತ.

ಬಸ್ಸು ಹೋಯಿತು. ಆ ಚೀಲ ಸೀಟಿನಿಂದ ತೊಡೆಗೆ ಏರಿದ್ದು ಮಾತ್ರ ಮಾರುತೇಶನ ಕಣ್ಣೊಳಗೆ ನಾಲ್ಕು ದಿನ ನಡೆಯುತ್ತಲೇ ಇತ್ತು. ಉಣ್ಣುವಾಗ ಚೀಲ ಏರುತ್ತಿತ್ತು, ಹಲ್ಲುಜ್ಜುವಾಗ ಏರುತ್ತಿತ್ತು. ನನ್ನನ್ನು ಕಾಯಿಸಿದ ಸೀಟು, ಅವನಿಗೆ ಖಾಲಿ ಮಾಡಿಕೊಟ್ಟಳು ಎಂದು ಒಬ್ಬನೇ ಹಲ್ಲು ಕಡಿದ. ಕೇಳೋಣವೆಂದರೆ ಅವಳು ಫೋನು ಎತ್ತಲಿಲ್ಲ. ಎತ್ತದೆ ಇದ್ದುದನ್ನೂ ಎಣಿಸಿದ. ಹನ್ನೊಂದು ಸಲ.

ಮಂಗಳವಾರ ಬಂದಾಗ ಅವಳೇ ಮೊದಲು ನಕ್ಕಳು. ಪೆನ್ನು ಹಿಡಿದು, "ಸಾಹೇಬ್ರೆ, ಸಿಟ್ಟು ಇಳಿದೈತೋ, ಇನ್ನೂ ಒಲೆ ಮೇಲೇ ಐತೋ?" ಎಂದಳು.

ಅವನ ಎದೆ ಬೆಣ್ಣೆಯಾಯಿತು. ಡ್ರಾಯರ್ ಎಳೆದು, ಪೇಪರು ಬಿಚ್ಚಿ, ಹಣ್ಣಾದ ಸೀತಾಫಲವನ್ನು ಅವಳ ಕೈಗಿಟ್ಟ. ಎರಡು ಅಂಗೈ ತುಂಬುವಷ್ಟು ದೊಡ್ಡದು. ಅವಳು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ಸಂಜೆ ಇಬ್ಬರೂ ಕೂತು ತಿನ್ನಾಣ ಎಂದು ಒಳಗೆ ಹೋದಳು. ಮಾರುತೇಶ ಅಂದು ಯಾರನ್ನೂ ಬೈಯಲಿಲ್ಲ. ಗೇಟಿನ ಕೀಲುಗಳಿಗೆ ಎಣ್ಣೆ ಹಾಕಿದ.

ಎರಡೂವರೆಗೆ ಅಂಜನ್ ಮತ್ತೆ ಆ ಕೋಣೆಗೆ ಹೋದ. ಮೂವತ್ತೈದು ನಿಮಿಷವಾಯಿತು. ಹೊರಗೆ ಬಂದಾಗ ಅವನ ಕೈಯಲ್ಲಿ ಸೀತಾಫಲ ಇತ್ತು.

ಆಮೇಲೆ ನಡೆದದ್ದಕ್ಕೆ ಮಾರುತೇಶ ಇಂದಿಗೂ ಯಾರನ್ನೂ ದೂರುವುದಿಲ್ಲ.

ನೇತ್ರಾವತಿ ಇನ್ನೂ ಕೋಣೆಯೊಳಗೆ ಬರೆಯುತ್ತಿದ್ದಳು. ಕ್ಲಾಸು ಮುಗಿದು ಹಾಲ್‌ನಲ್ಲಿ ಚಹ ಕೊಡುತ್ತಿದ್ದರು. ಅಂಜನ್ ಬೆಂಚಿನ ನಡುವೆ ಕುಳಿತು ಹಣ್ಣು ಬಿಡಿಸಲು ಹೊರಟಿದ್ದ. ಮಾರುತೇಶ ಬಾಗಿಲಲ್ಲಿ ನಿಂತು, ಮೂವತ್ತು ಜನ ಕೇಳುವಂತೆ ಹೇಳಿದ:

"ತಿನ್ನಪ್ಪ, ತಿನ್ನು. ಇವರಿಗೆಲ್ಲ ಆಯಮ್ಮ ಐದು ನಿಮಿಷಕ್ಕೆ ಬಾಗಿಲು ತೆಗೀತಾಳೆ. ನಿಂಗೆ ಹೋದ ವಾರ ನಲವತ್ತೆರಡು ನಿಮಿಷ, ಈ ವಾರ ಮೂವತ್ತೈದು. ನಡುವೆ ದುರ್ಗಕ್ಕೆ ಜೋಡಿ ಸವಾರಿ ಬೇರೆ. ಅಂಥಾದ್ದೇನೈತೋ ನಿನ್ ತಾವ, ಎಲ್ಲರ ಮುಂದೆ ಹೇಳು."

ನಗುತ್ತಾರೆ ಎಂದುಕೊಂಡಿದ್ದ. ಯಾರೂ ನಗಲಿಲ್ಲ.

ಅವರಲ್ಲೆಲ್ಲ ಹಿರಿಯನಾದ ಕಾಟಯ್ಯಜ್ಜ ಚಹದ ಲೋಟ ಕೆಳಗಿಟ್ಟ. ಅಂಜನ್‌ನ ಎಡಕ್ಕಿದ್ದವನು ಬೆಂಚಿನಲ್ಲಿ ಒಂದು ಗೇಣು ಸರಿದ. ಬಲಕ್ಕಿದ್ದವನು ಎದ್ದೇ ಹೋದ. ಆ ಗೇಣು ಜಾಗ ಕಂಡ ಮೇಲೆ ಮಾರುತೇಶನಿಗೆ ಅರ್ಥವಾಯಿತು. ರೋಗ ಇಲ್ಲದವನಿಗೆ, ಏನೂ ಇಲ್ಲ, ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ನೋಡಾಣ, ಹೋಗಪ್ಪ ಎನ್ನಲು ಐದು ನಿಮಿಷ ಸಾಕು. ಐದು ನಿಮಿಷದಲ್ಲಿ ಮುಗಿಯದ ಮಾತು ಒಂದೇ. ಆ ಹಾಲ್‌ನಲ್ಲಿ ಕುಳಿತ ಪ್ರತಿಯೊಬ್ಬನೂ ಆ ಕೋಣೆಯಲ್ಲಿ ಎದೆ ಹಿಡಿದುಕೊಂಡು ಕುಳಿತು ಬಂದವನೇ. ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತಿಳಿಯದೆ ಹೋದದ್ದು ವಾರ್ಡನ್ ಒಬ್ಬನಿಗೇ.

"ಎಂಥ ಮಾತಾಡ್ಬಿಟ್ಟೆಯಪ್ಪ ಮಾರುತೇಶ" ಎಂದ ಕಾಟಯ್ಯಜ್ಜ, ಮೆಲ್ಲಗೆ.

ಅಂಜನ್ ಹಣ್ಣನ್ನು ಬೆಂಚಿನ ಮೇಲಿಟ್ಟು ಎದ್ದ. ಮಾರುತೇಶನ ಪಕ್ಕದಲ್ಲೇ ಹಾದು ಹೋದ. ಬೆಳಗಾಗುವಷ್ಟರಲ್ಲಿ ಹಿಂದಿನ ಗೋಡೆ ಹಾರಿ ಹೋಗಿದ್ದ.

ಹನುಮಂತರಾಜು ಸಾರ್ ಮಾರುತೇಶನನ್ನು ಅವತ್ತೇ ಹೊರಗೆ ಹಾಕುವವರಿದ್ದರು. ತಡೆದವಳು ನೇತ್ರಾವತಿ. ವಾರ್ಡನ್ನನ್ನು ತೆಗೆದರೆ ಅವನು ಆಡಿದ್ದು ನಿಜ ಎಂದು ನೀವೇ ಸೀಲು ಹೊಡೆದ ಹಾಗೆ, ಇರಲಿ ಬಿಡಿ ಎಂದಳಂತೆ. ಮಾರುತೇಶನಿಗೆ ಒಂದು ಮಾತೂ ಹೇಳಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವನ ಕಡೆ ನೋಡುವಾಗ ಗೇಟಿನ ಕಂಬ ನೋಡಿದ ಹಾಗೆ ನೋಡಿದಳು.

ಹುಡುಗನನ್ನು ಹುಡುಕಿದವಳೂ ಅವಳೇ. ರಾಮಗಿರಿಗೆ ಎರಡು ಸಲ, ಹೊಳಲ್ಕೆರೆಗೆ ಮೂರು ಸಲ ಹೋಗಿ ಬಂದಳು. ಅವನ ಅಕ್ಕ ಅನುಸೂಯ ತನ್ನ ಮನೆಯ ಅಟ್ಟದಲ್ಲಿ ಬಚ್ಚಿಟ್ಟುಕೊಂಡಿದ್ದಳು. ಅಷ್ಟರಲ್ಲಿ ಅವನು ಒಂದು ಸಲ ಸೂಜಿ ಹಾಕಿಕೊಂಡದ್ದೂ ಆಗಿತ್ತು. ಹದಿಮೂರನೇ ದಿನ ಅಕ್ಕ, ತಮ್ಮ, ನೇತ್ರಾವತಿ ಮೂವರೂ ಗೇಟಿನಲ್ಲಿ ಬಂದು ನಿಂತರು. ಮಾರುತೇಶ ಗೇಟು ತೆಗೆದ. ಹುಡುಗನ ಕಾಲು ಹಿಡಿಯಬೇಕೆನಿಸಿತು. ಹಿಡಿದರೆ ಅದೂ ಇನ್ನೊಂದು ಡಂಗುರವಾಗುತ್ತದೆ ಎಂದು ಕೈ ಕಟ್ಟಿ ನಿಂತ.

ಊಟದ ಹೊತ್ತಿಗೆ ಅಂಜನ್ ಸುತ್ತ ಒಂದೊಂದು ಮಾರು ಜಾಗ ಖಾಲಿ ಬಿತ್ತು. ಜೊತೆಗೆ ಉಂಡರೆ ಬರುವ ರೋಗ ಅಲ್ಲ ಅದು ಎಂದು ಎಲ್ಲರಿಗೂ ಕ್ಲಾಸಿನಲ್ಲಿ ಹೇಳಿದ್ದರು. ಕ್ಲಾಸಿನ ಮಾತು ಕ್ಲಾಸಿನಲ್ಲೇ ಉಳಿದಿತ್ತು.

ಮಾರನೇ ದಿನ ಮಂಗಳವಾರ. ಮಾರುತೇಶ ಬೆಳಿಗ್ಗೆಯೇ ಹಾಲ್‌ನ ಬೆಂಚುಗಳನ್ನೆಲ್ಲ ಎತ್ತಿಸಿ ಬೇವಿನ ಕೆಳಗೆ ಹಾಕಿಸಿದ. ಇವತ್ತು ಕ್ಲಾಸು ಇಲ್ಲೇ ಎಂದ. ಅಲ್ಲಿ ಕುಳಿತವರಿಗೆಲ್ಲ ಮೂಲೆಯ ಕೋಣೆಯ ಬಾಗಿಲು ಚೆನ್ನಾಗಿ ಕಾಣುತ್ತಿತ್ತು. ನೇತ್ರಾವತಿ ಬಂದು ಕುಳಿತೊಡನೆ ಎಲ್ಲರಿಗಿಂತ ಮೊದಲು ತಾನೇ ಹೋಗಿ ರಂಜಿತಾಳ ಮುಂದೆ ಬೆರಳು ಚಾಚಿದ. ರಂಜಿತಾ ಒಂದು ಸಲ ನೇತ್ರಾವತಿಯ ಕಡೆ ನೋಡಿ, ಆಮೇಲೆ ಚುಚ್ಚಿದಳು.

ಅರ್ಧ ಗಂಟೆ ಬಿಟ್ಟು ಅವನನ್ನು ಕರೆದರು. ಬಾಗಿಲು ಮುಚ್ಚಿತು. ಆ ಕೋಣೆಯನ್ನು ಅವನು ಒಳಗಿನಿಂದ ನೋಡಿದ್ದು ಅದೇ ಮೊದಲು. ಒಂದು ಮೇಜು, ಎರಡು ಕುರ್ಚಿ, ಒಂದು ತಂಬಿಗೆ ನೀರು. ಇಷ್ಟಕ್ಕೆ ನಾನು ಏನೇನು ಕಟ್ಟಿಕೊಂಡಿದ್ದೆ ಎಂದು ತಲೆ ತಗ್ಗಿಸಿದ.

"ನಿಂಗೆ ಏನೂ ಇಲ್ಲ" ಎಂದಳು ನೇತ್ರಾವತಿ. ಎಲ್ಲರಿಗೂ ಹೇಳುವ ದನಿಯಲ್ಲೇ ಉಳಿದ ಮಾತನ್ನೂ ಹೇಳಿದಳು. ಮೂರು ನಿಮಿಷವೂ ಆಗಲಿಲ್ಲ. "ಮುಗೀತು. ಹೋಗು."

ದಾಬಾದ ಹಿಂದಿನ ಆ ರಾತ್ರಿಗಳ ಭಯ ಹದಿನೈದು ವರ್ಷಕ್ಕೆ ಕರಗಿತು. ಆದರೂ ಏಳಲಿಲ್ಲ. "ಹೋಗಲ್ಲ. ನಲವತ್ತೆರಡು ನಿಮಿಷ ಆಗ್ಲಿ."

ಅವಳು ತಲೆಯೆತ್ತಿ ನೋಡಿದಳು. ಆ ವಾರಗಳಲ್ಲಿ ಮೊದಲ ಸಲ ಕಂಬವನ್ನಲ್ಲ, ಮನುಷ್ಯನನ್ನು ನೋಡಿದಳು.

"ಹೊರಗೆ ಎಲ್ಲರೂ ನೋಡ್ತಾ ಅವ್ರೆ. ಎಣಿಸ್ಲಿ. ಇವನಿಗೂ ಅಷ್ಟೇ ಹೊತ್ತು ಹಿಡೀತು ಅಂದ್ಕಳ್ಳಿ."

"ನಿಂಗೂ ಐತೆ ಅಂತಾರೆ."

"ಅನ್ಲಿ."

"ಹಿರೇಗುಂಟನೂರಿಗೂ ಮುಟ್ತದೆ. ನಿಮ್ಮ ಅತ್ತಿಗೆ ತಟ್ಟೆ ಬೇರೆ ಇಡ್ತಾಳೆ. ಆವಾಗ ಏನೂ ಇಲ್ಲ ಅಂತ ಬರೆದಿರೋ ಈ ಚೀಟಿ ತೋರಿಸಂಗಿಲ್ಲ. ತೋರಿಸಿದ್ರೆ ಆ ಹುಡುಗ ಮತ್ತೆ ಒಬ್ಬನೇ ಆಗ್ತಾನೆ."

ಅವನು ಮೇಜಿನ ಮೇಲಿದ್ದ ಚೀಟಿಯನ್ನು ಅವಳ ಕಡೆಗೇ ತಳ್ಳಿದ.

ಮೇಜಿನ ಅಗಲ ಎಷ್ಟೂ ಇರಲಿಲ್ಲ. ಅವಳ ಕೈ ಅಲ್ಲೇ ಇತ್ತು, ಒಳಮಣಿಕಟ್ಟು ಮೇಲಾಗಿ. ವಾಚು, ಅದರ ಕೆಳಗೆ ಆ ಹಸಿರು ನರ. ಅವನು ವಾಚು ನೋಡಲಿಲ್ಲ. ಅವನ ಬೆರಳ ತುದಿಯಲ್ಲಿ ಒಂದು ಚುಕ್ಕೆ ರಕ್ತ ಮತ್ತೆ ಮೂಡಿತ್ತು. ಅವಳು ಹತ್ತಿ ತೆಗೆದುಕೊಂಡು, ಆ ಬೆರಳು ಹಿಡಿದು ಒತ್ತಿದಳು. ರಕ್ತ ನಿಂತ ಮೇಲೂ ಸ್ವಲ್ಪ ಹೊತ್ತು ಒತ್ತಿಯೇ ಇದ್ದಳು.

"ತಪ್ಪು ನಂದೂ ಐತೆ" ಎಂದಳು. "ಐದು ನಿಮಿಷದೋರನ್ನೂ ಇಪ್ಪತ್ತು ನಿಮಿಷ ಕೂರಿಸಿದ್ರೆ ಯಾರಿಗೂ ಲೆಕ್ಕ ಸಿಗ್ತಿರ್ಲಿಲ್ಲ. ಇವತ್ತಿಂದ ಹಂಗೇ ಮಾಡ್ತೀವಿ. ಮುಂದೆ ಬರೋಳಿಗೂ ಬರೆದಿಟ್ಟಿದ್ದೀನಿ."

"ಮುಂದೆ ಬರೋಳು ಅಂದ್ರೆ?"

"ಹೊಸದುರ್ಗಕ್ಕೆ ವರ್ಗ ಕೇಳಿದ್ದೆ. ಆಯ್ತು. ಇದೇ ಕೊನೇ ಮಂಗಳವಾರ."

ದೀಪಾವಳಿಗೆ ಇನ್ನು ನಾಲ್ಕು ದಿನವಿತ್ತು. ಅವನು ಮಾರಿಕಣಿವೆಯ ಮಾತನ್ನು ನೆನಪಿಸಿದ. ತಾನೂ ಹೊಸದುರ್ಗಕ್ಕೆ ಬರುತ್ತೇನೆ, ಅಲ್ಲಿ ಯಾವುದಾದರೂ ಲಾರಿ ಹಿಡಿಯುತ್ತೇನೆ, ಇನ್ನೊಂದು ಸಲ ಈ ಬಾಯಿ ಹೀಗೆ ಆಡಿದರೆ ಕೇಳು ಎಂದ.

ಅವಳ ಕಣ್ಣು ತುಂಬಿತ್ತು. ಆದರೆ ದನಿ ನೆಟ್ಟಗಿತ್ತು. "ನಿನ್ನ ಕಂಡ್ರೆ ನಂಗೆ ಆಸೆ ಇಲ್ಲ ಅಂತಲ್ಲ ಮಾರುತೇಶ್. ದೀಪಾವಳಿಗೆ ಹೂಂ ಅನ್ನಬೇಕು ಅಂತಲೇ ಇದ್ದೆ. ಸೀರೆನೂ ತಗಂಡಿದ್ದೆ. ಆದ್ರೆ ನನ್ನ ಕೆಲಸ ಇದೇ. ದಿನಾ ಯಾರದೋ ಜೊತೆ ಬಾಗಿಲು ಹಾಕ್ಕೊಂಡು ಕೂರ್ಬೇಕು. ಯಾರ ಜೊತೆ, ಏನು, ಎತ್ತ ಅಂತ ಮನೇಲಿ ಹೇಳಂಗಿಲ್ಲ. ಸಂಜೆ ಮನೆಗೆ ಬಂದ್ರೆ ನೀನು ಏನೂ ಕೇಳಲ್ಲ, ನಂಗೊತ್ತು. ಮಾತು ಕೊಟ್ಟಿದ್ದೀಯಲ್ಲ, ಬಾಯಿ ಬಿಡಲ್ಲ. ಗಡಿಯಾರ ನೋಡ್ತೀಯ."

ಅವನು ಇಲ್ಲ ಎನ್ನಲು ಬಾಯಿ ತೆರೆದ. ಬಾಯಿಗೆ ಸುಳ್ಳು ಬರಲಿಲ್ಲ.

"ಆ ಹಣ್ಣು ಅವನಿಗ್ಯಾಕೆ ಕೊಟ್ಟೆ?" ಎಂದ ಕೊನೆಗೆ. ಇಷ್ಟೆಲ್ಲ ಆದ ಮೇಲೂ ಆ ಮುಳ್ಳು ಒಳಗೇ ಇತ್ತು.

ಅವಳು ಕಣ್ಣೊರೆಸಿಕೊಂಡು ನಕ್ಕಳು. ಒಂದೇ ಕೆನ್ನೆ. "ದುರ್ಗಕ್ಕೆ ಹೋಗಿ ಬಂದ ಮೇಲೆ ಮಾತ್ರೆ ಶುರುವಾಗಿತ್ತು ಅವನಿಗೆ. ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ. ಕೋಣೇಲಿ ತಿನ್ನೋಕೆ ಇದ್ದಿದ್ದು ಅದೊಂದೇ. ಸಂಜೆಗೆ ನಿಂಗೆ ಏನು ಹೇಳಲಿ ಅಂತ ಆಮೇಲೆ ಯೋಚನೆ ಮಾಡ್ತಾ ಕುಂತಿದ್ದೆ."

ಹೊರಗೆ ಬಂದಾಗ ನಲವತ್ತೆರಡು ದಾಟಿತ್ತೋ ಇಲ್ಲವೋ ಅವನಿಗೆ ತಿಳಿಯದು. ಬೇವಿನ ಕೆಳಗಿನ ಮೂವತ್ತು ಮುಖಗಳೂ ಅವನನ್ನು ನೋಡಿ ಬೇರೆ ಕಡೆ ತಿರುಗಿದವು. ಮಧ್ಯಾಹ್ನ ಊಟಕ್ಕೆ ಅವನು ತಟ್ಟೆ ಹಿಡಿದು ಹೋಗಿ ಅಂಜನ್ ಪಕ್ಕದಲ್ಲಿ, ಮೊಣಕೈಗೆ ಮೊಣಕೈ ತಾಗುವಂತೆ ಕುಳಿತ. ಹುಡುಗ ತುತ್ತು ನಿಲ್ಲಿಸಿ ನೋಡಿದ. ಮಾರುತೇಶ ತಪ್ಪಾಯ್ತು ಎಂದ, ಅವನಿಗೆ ಮಾತ್ರ ಕೇಳುವಷ್ಟು ಸಣ್ಣಗೆ. ಹುಡುಗ ಆಯ್ತು ಎನ್ನಲಿಲ್ಲ. ಎದ್ದೂ ಹೋಗಲಿಲ್ಲ. ನಿಂಗಕ್ಕ ಇಬ್ಬರಿಗೂ ಒಂದೇ ಸೌಟಿನಲ್ಲಿ ಸಾರು ಬಿಟ್ಟಳು.

ಸ್ವಲ್ಪ ಹೊತ್ತಿಗೆ ಕಾಟಯ್ಯಜ್ಜ ಗೊಣಗುತ್ತಾ ಬಂದು ಇನ್ನೊಂದು ಪಕ್ಕ ಕುಳಿತ. "ನನ್ನೂ ಇವತ್ತು ಇಪ್ಪತ್ತು ನಿಮಿಷ ಕೂರಿಸಿದ್ಲಪ್ಪ ಆಯಮ್ಮ. ಹೇಳಕ್ಕೆ ಏನೂ ಇಲ್ಲದೆ ನನ್ನ ಮದುವೆ ಕಥೆನೆಲ್ಲ ಹೇಳಿ ಬಂದೆ" ಎಂದ. ಯಾರೋ ನಕ್ಕರು. ಅವನ ಆಚೆಗೆ ಇನ್ನೊಬ್ಬ ಬಂದು ಕುಳಿತ.

ನಾಲ್ಕೂವರೆಗೆ ನೇತ್ರಾವತಿ ಗೇಟಿಗೆ ಬಂದಳು. ರಂಜಿತಾ ಬೇಕೆಂದೇ ಮುಂದೆ ಹೋಗಿ ರಸ್ತೆಯಾಚೆ ನಿಂತಳು. ಮಾರುತೇಶ ಡ್ರಾಯರ್ ಎಳೆದು ಪೇಪರಿನ ಪೊಟ್ಟಣ ತೆಗೆದ. ಸುಗ್ಗಿಯ ಕೊನೆಯ ಹಣ್ಣು. ಅವಳು ಪೇಪರಿನ ಮೇಲಿನಿಂದಲೇ ಹೆಬ್ಬೆರಳಿನಿಂದ ಅದುಮಿ ನೋಡಿದಳು.

"ಇನ್ನೂ ಗಟ್ಟಿ ಐತೆ."

"ಮಂಗಳವಾರದ ಹೊತ್ತಿಗೆ ಹಣ್ಣಾಗ್ತದೆ."

ಅವಳು ಪೊಟ್ಟಣವನ್ನು ಮತ್ತೆ ಡ್ರಾಯರಿನೊಳಗೆ, ಮಗುವನ್ನು ಮಲಗಿಸಿದ ಹಾಗೆ ಇಟ್ಟಳು. ಪುಸ್ತಕ ಎಳೆದುಕೊಂಡು ಸಹಿ ಹಾಕಿದಳು. ಸಮಯ ಬರೆಯುವಾಗ ವಾಚು ನೋಡಿ, ಸರಿಯಾಗಿ ಬರೆದಳು. ಒಂದು ನಿಮಿಷವೂ ತಪ್ಪಿರಲಿಲ್ಲ. ಅದನ್ನು ನೋಡಿದಾಗಲೇ ಮಾರುತೇಶನಿಗೆ ಎಲ್ಲ ಮುಗಿಯಿತು ಎಂದು ತಿಳಿದದ್ದು.

ಅವಳು ಗೇಟು ದಾಟಿದಳು, ರಸ್ತೆ ದಾಟಿದಳು. ಬಸ್ಸು ಅಡ್ಡ ಬಂದು ನಿಂತು, ಹೊರಟಾಗ ಅಲ್ಲಿ ಯಾರೂ ಇರಲಿಲ್ಲ.

ಮುಂದಿನ ಮಂಗಳವಾರ ಹಣ್ಣು ಡ್ರಾಯರಿನೊಳಗೇ ಬಿರಿದು, ಗೇಟಿನ ತನಕ ಘಮಘಮ ಎಂದಿತು. ಹತ್ತು ಗಂಟೆಯ ಬಸ್ಸಿನಿಂದ ರಂಜಿತಾಳ ಜೊತೆ ಇಳಿದವಳು ಬೇರೆ ಹೆಂಗಸು. ಮಾರುತೇಶ ಗೇಟು ತೆಗೆದು, ಬರ್ರಿ ಮೇಡಂ ಎಂದು ದಾರ ಕಟ್ಟಿದ ಪೆನ್ನು ಕೊಟ್ಟ. ಆಮೇಲೆ ತನ್ನ ಕುರ್ಚಿಯನ್ನು ಎತ್ತಿ, ಮೂಲೆಯ ಕೋಣೆಗೆ ಬೆನ್ನಾಗುವಂತೆ ತಿರುಗಿಸಿ ಹಾಕಿಕೊಂಡು, ರಸ್ತೆ ನೋಡುತ್ತಾ ಕುಳಿತ.